ಉಗುರಿಗೆ ಒಂದು ವರ್ಷ ಕೊಡಿ

ತೀರ್ಥಹಳ್ಳಿ ಪೇಟೆಯ ಒಂದು ಮೆಡಿಕಲ್‌ನಿಂದ ಈಗಷ್ಟೇ ಬಂದೆ. ಇನ್ನೂ ಸಿಟ್ಟು ಇಳಿದಿಲ್ಲ. ನನ್ನ ಮುಂದೆ ಒಬ್ಬ ಅಜ್ಜ ನಿಂತಿದ್ದರು, ತೋಟದಿಂದ ನೇರ ಬಂದವರು. ಚಪ್ಪಲಿ ಕಳಚಿ ಕಾಲಿನ ಹೆಬ್ಬೆರಳು ತೋರಿಸಿದರು. ಉಗುರು ಹಳದಿಯಾಗಿ, ದಪ್ಪಗಾಗಿ, ತುದಿಯಲ್ಲಿ ಪುಡಿಪುಡಿ ಉದುರುತ್ತಿತ್ತು. ಅಂಗಡಿಯವನು ಸರಿಯಾಗಿ ನೋಡಲೂ ಇಲ್ಲ. ಒಂದು ಟ್ಯೂಬ್ ಕೊಟ್ಟು, "ಒಂದು ವಾರ ಹಚ್ಚಿ ಅಜ್ಜ, ಹೋಗ್ತದೆ" ಅಂದ.

ಒಂದು ವಾರದಲ್ಲಿ ಹೇಗೆ ಹೋಗ್ತದೆ? ಕಾಲಿನ ಉಗುರು ತಿಂಗಳಿಗೆ ಬೆಳೆಯುವುದೇ ಸುಮಾರು ಒಂದೂವರೆ ಮಿಲಿಮೀಟರ್. ಹೆಬ್ಬೆರಳಿನ ಉಗುರು ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು ಬೇಕು. ಇದು ಫಂಗಸ್ ಆಗಿದ್ದರೆ, ಅದು ಇರುವುದು ಉಗುರಿನ ಒಳಗೆ, ಅಡಿಯಲ್ಲಿ. ಮೇಲೆ ಸವರಿದ ಕ್ರೀಮ್ ಅಲ್ಲಿಗೆ ಇಳಿಯುವುದೇ ಕಷ್ಟ. ಸಾಲದ್ದಕ್ಕೆ ಆ ಟ್ಯೂಬಿನಲ್ಲಿ ಸ್ಟಿರಾಯ್ಡ್ ಬೇರೆ ಇತ್ತು, ಡಬ್ಬಿ ಮೇಲೆ ಓದಿದೆ. ಅದರಿಂದ ತುರಿಕೆ ಎರಡು ದಿನ ಅಡಗಬಹುದು, ಫಂಗಸ್ ಜಾಸ್ತಿಯೇ ಆಗುತ್ತದೆ.

ಅಡಿಕೆಗೆ ಕೊಳೆರೋಗ ಬರಬಾರದು ಅಂತ ಮಳೆ ಹಿಡಿಯುವ ಮೊದಲೇ ಬೋರ್ಡೋ ಔಷಧಿ ಹೊಡೆಸುತ್ತೇವೆ. ಮರ ಹತ್ತುವ ಕೊನೆಗಾರನನ್ನು ಕಾಡಿ ಬೇಡಿ ಮತ್ತೊಂದು ಸಲವೂ ಹೊಡೆಸುತ್ತೇವೆ. ನಮ್ಮ ಕಾಲಿಗೆ ಮಾತ್ರ ಒಂದು ವಾರ!

"ಫಂಗಸ್‌ಗೆ ಮಾತ್ರೆ ತಗೊಂಡ್ರೆ ಲಿವರ್ ಹಾಳಾಗ್ತದೆ" ಅನ್ನುವವರಿದ್ದಾರೆ. ಅಪರೂಪಕ್ಕೆ ತೊಂದರೆ ಆಗುವುದು ನಿಜ. ಅದಕ್ಕೇ ಅಲ್ವಾ ಡಾಕ್ಟರು ಮೊದಲು ರಕ್ತ ಪರೀಕ್ಷೆ ಮಾಡಿಸುವುದು? ಉಗುರಿನ ಚೂರು ತೆಗೆದು ಫಂಗಸ್ ಹೌದೋ ಅಲ್ಲವೋ ಅಂತಲೂ ನೋಡುತ್ತಾರೆ. ಪೆಟ್ಟು ಬಿದ್ದರೂ, ಸೋರಿಯಾಸಿಸ್ ಅನ್ನುವ ಚರ್ಮರೋಗ ಇದ್ದರೂ ಉಗುರು ಹೀಗೇ ಕಾಣಬಹುದು.

ಇದೇ ಲಿವರ್ ಭಯದಲ್ಲಿ ಅಮ್ಮನ ಮಾತ್ರೆ ನಿಲ್ಲಿಸಿದವನು ನಾನು. ದಿನಕ್ಕೊಂದು ಟರ್ಬಿನಾಫಿನ್ ಅನ್ನುವ ಫಂಗಸ್ ಮಾತ್ರೆ, 12 ವಾರ ಅಂತ ಡಾಕ್ಟರು ಬರೆದಿದ್ದರು. ತಿಂಗಳಾದರೂ ಉಗುರು ಹಾಗೇ ಇತ್ತು. "ಸಾಕು ಬಿಡಮ್ಮ" ಅಂದೆ. ಅಮ್ಮನಿಗೆ ಶುಗರ್ ಇದೆ. ಮುಂದಿನ ಮಳೆಗಾಲದಲ್ಲಿ ಉಗುರಿನ ಬದಿ ಒಡೆದು, ಕಾಲು ಬಾತು, ಜ್ವರ ಬಂತು. ಆ ರಾತ್ರಿ ನೆನೆದರೆ ಇವತ್ತಿಗೂ ಹೊಟ್ಟೆ ಕಲಸುತ್ತದೆ. ವಾಸಿಯಾದ ಮೇಲೆ ಮತ್ತೆ ಮೊದಲಿನಿಂದ ಮಾತ್ರೆ. 3 ತಿಂಗಳು ಮುಗಿದಾಗಲೂ ಉಗುರು ಮುಕ್ಕಾಲು ಪಾಲು ಹಳದಿಯೇ. ಬುಡದಲ್ಲಿ ಮಾತ್ರ ಅಕ್ಕಿಕಾಳಿನಷ್ಟು ತಿಳಿ ಗುಲಾಬಿ. ಅದು ಮುಂದೆ ಸರಿಯುವುದನ್ನು ಅಮ್ಮ ಜಗಲಿಯಲ್ಲಿ ಕೂತು, ಕನ್ನಡಕ ಹಾಕಿ ನೋಡುತ್ತಿದ್ದಳು. ತುದಿ ಮುಟ್ಟಲು ವರ್ಷದ ಮೇಲಾಯಿತು.

ಅಜ್ಜನ ಹಿಂದೆ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಇಷ್ಟೂ ಹೇಳಿದೆ. "ಒಂದು ವರ್ಷವಾ ತಮ್ಮಾ?" ಅಂದರು. ಹೌದು ಅಜ್ಜ, ಒಂದು ವರ್ಷ. ಚರ್ಮದ ಡಾಕ್ಟರಿಗೆ ತೋರಿಸ್ತೇನೆ ಅಂತ ಒಪ್ಪಿದ್ದಾರೆ. ಒದ್ದೆ ಗಂಬೂಟನ್ನು ಹಾಗೇ ಹಾಕಬೇಡಿ, ಬಚ್ಚಲ ಒಲೆ ಹತ್ತಿರ ಮಗುಚಿಟ್ಟು ಒಣಗಿಸಿ ಅನ್ನುವುದೊಂದು ಮರೆತೆ. ಅವರ ಮನೆಯವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಹೇಳಿ.