ಕಿಲುಬು ಉಜ್ಜುವ ಮೊದಲು

ಬೇಸಿಗೆಯಲ್ಲಿ ಕೆರೆ, ಬಾವಿಗಳ ಹೂಳೆತ್ತುವಾಗಲೋ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಪಂಚಾಂಗ ಅಗೆಯುವಾಗಲೋ ಹಳೆಯ ಕಂಚಿನ ವಸ್ತು ಸಿಕ್ಕಿತೆಂಬ ಸುದ್ದಿ ನಮ್ಮ ಉಡುಪಿ, ಮಂಗಳೂರಿನ ಕಡೆ ಆಗಾಗ ಕೇಳಿಬರುತ್ತದೆ. ಅದರ ಬೆನ್ನಿಗೇ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಬರುತ್ತದೆ. ಹುಣಸೆಹುಳಿ, ಬೂದಿ ಹಾಕಿ ತಿಕ್ಕಿದ್ದರಿಂದ ವಸ್ತು ಥಳಥಳ ಹೊಳೆಯುತ್ತಿರುತ್ತದೆ. ಭಕ್ತಿಯಿಂದಲೇ ಮಾಡಿದ ಕೆಲಸವೆಂದು ಗೊತ್ತಿದ್ದರೂ ಆ ಹೊಳಪನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಇಟಲಿಯ ಪಿಯಾಚೆಂಜಾ ನಗರದ ಹತ್ತಿರ, ಗೊಸ್ಸೊಲೆಂಗೊ ಎಂಬಲ್ಲಿ, 1877ರ ಸೆಪ್ಟೆಂಬರಿನಲ್ಲಿ ಹೊಲ ಉಳುತ್ತಿದ್ದ ರೈತನೊಬ್ಬನಿಗೆ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಕಂಚಿನ ವಸ್ತುವೊಂದು ಸಿಕ್ಕಿತು. ಅದು ಕುರಿಯ ಪಿತ್ತಜನಕಾಂಗದ ಮಾದರಿ. ಮೇಲ್ಮೈಯನ್ನು ಗೆರೆಗಳಿಂದ ಮನೆಗಳಾಗಿ ವಿಂಗಡಿಸಿ, ಅವುಗಳಲ್ಲಿ ಎಟ್ರಸ್ಕನ್ ಭಾಷೆಯಲ್ಲಿ (ಎಟ್ರಸ್ಕನ್ನರು ಪ್ರಾಚೀನ ಇಟಲಿಯ ಒಂದು ಜನಾಂಗ) ದೇವತೆಗಳ ಹೆಸರುಗಳನ್ನು ಕೊರೆದಿದ್ದಾರೆ. ಅಂಚಿನಲ್ಲಿರುವ 16 ಮನೆಗಳು ಎಟ್ರಸ್ಕನ್ನರು ಆಕಾಶವನ್ನು 16 ಭಾಗ ಮಾಡುತ್ತಿದ್ದ ಕ್ರಮಕ್ಕೆ ಸರಿಹೊಂದುತ್ತವೆ. ಬಲಿಪಶುವಿನ ಅಂಗವನ್ನು ನೋಡಿ ದೇವರ ಚಿತ್ತವನ್ನು ತಿಳಿಯುತ್ತಿದ್ದ ಪುರೋಹಿತರಿಗೆ ಇದು ಕೈಪಿಡಿಯಾಗಿತ್ತೆಂದು ವಿದ್ವಾಂಸರು ಹೇಳುತ್ತಾರೆ. (ಅಷ್ಟಮಂಗಲ ಪ್ರಶ್ನೆ ಇಡುವ ನಮ್ಮವರಿಗೆ ಈ ಕಲ್ಪನೆ ತೀರ ಹೊಸದೇನಲ್ಲ.) ಇಷ್ಟೆಲ್ಲ ಓದಲು ಸಾಧ್ಯವಾದರೂ ಅದು ನೇಗಿಲಿಗೆ ಒಂಟಿಯಾಗಿ ಸಿಕ್ಕಿದ್ದರಿಂದ, ಮನೆಯಲ್ಲಿತ್ತೋ ಗುಡಿಯಲ್ಲಿತ್ತೋ ಸಮಾಧಿಯಲ್ಲಿತ್ತೋ ಎಂದು ಆ ಮಣ್ಣಿನಿಂದ ತಿಳಿಯುವಂತಿಲ್ಲ.

ಸ್ಪೇನಿನ ನವಾರಾ ಪ್ರಾಂತದ ಇರುಲೆಗಿ ಬೆಟ್ಟದಲ್ಲಿ 2021ರಲ್ಲಿ ನಡೆದದ್ದು ಇದಕ್ಕೆ ವಿರುದ್ಧವಾದ ಕಥೆ. ಕ್ರಿಸ್ತಪೂರ್ವ ಒಂದನೆಯ ಶತಮಾನದ ಯುದ್ಧದಲ್ಲಿ ಸುಟ್ಟುಹೋದ ಊರೊಂದರ ಉತ್ಖನನದಲ್ಲಿ, ಮನೆಯೊಂದರ ಬಾಗಿಲ ಬಳಿ, ಹಸ್ತದ ಆಕಾರದ ತೆಳುವಾದ ಕಂಚಿನ ತಗಡು ಸಿಕ್ಕಿತು. ಅದರ ಮೇಲೆ ಅಕ್ಷರಗಳಿವೆಯೆಂದು ಆಗ ಯಾರಿಗೂ ತಿಳಿಯಲಿಲ್ಲ. 2022ರಲ್ಲಿ ಪ್ರಯೋಗಾಲಯದಲ್ಲಿ ತಾಳ್ಮೆಯಿಂದ ಮಣ್ಣು ಬಿಡಿಸಿದಾಗ ನಾಲ್ಕು ಸಾಲಿನ ಬರಹ ಕಾಣಿಸಿಕೊಂಡಿತು. ಸಿಕ್ಕಿದ ಜಾಗ ದಾಖಲಾಗಿದ್ದುದರಿಂದಲೇ ಅದನ್ನು ಮನೆಯ ರಕ್ಷಣೆಗೆಂದು ಬಾಗಿಲಿಗೆ ತೂಗುಹಾಕಿದ್ದರೆಂದು ಊಹಿಸಲು ಆಧಾರ ದೊರೆಯಿತು. ಸಿಕ್ಕಿದ ದಿನವೇ ಯಾರಾದರೂ ನಾರು ಹಿಡಿದು ತಿಕ್ಕಿದ್ದರೆ ಆ ನಾಲ್ಕು ಸಾಲುಗಳ ಗತಿ ಏನಾಗುತ್ತಿತ್ತು?

ಬರಹ ಇದ್ದರೆ ಏನು ಲಾಭವೆಂದು ತಿಳಿಯಲು ಅಷ್ಟು ದೂರ ಹೋಗಬೇಕಾಗಿಲ್ಲ. ಕದ್ರಿ ಮಂಜುನಾಥ ದೇವಸ್ಥಾನದ ಲೋಕೇಶ್ವರ ವಿಗ್ರಹದ ಪೀಠದಲ್ಲಿ ಸಂಸ್ಕೃತ ಶಾಸನವಿದೆ. ಕ್ರಿ.ಶ. 968ರಲ್ಲಿ ಅಳುಪ ದೊರೆ ಕುಂದವರ್ಮನು ಕದಿರಿಕಾ ಎಂಬ ವಿಹಾರದಲ್ಲಿ ಇದನ್ನು ಪ್ರತಿಷ್ಠಾಪಿಸಿದನೆಂಬುದು ನಮಗೆ ಗೊತ್ತಿರುವುದು ಆ ಸಾಲುಗಳಿಂದ. ಅವು ಅಳಿಸಿಹೋಗಿದ್ದರೆ ವಿಗ್ರಹದ ಚೆಲುವು ಹಾಗೆಯೇ ಇರುತ್ತಿತ್ತು, ಆದರೆ ಅರಸ, ವರ್ಷ, ವಿಹಾರ ಮೂರೂ ನಮ್ಮ ಕೈತಪ್ಪುತ್ತಿದ್ದವು.

ಹುಣಸೆಯಲ್ಲಿರುವ ಹುಳಿ ತಾಮ್ರದ ಕಿಲುಬನ್ನು ಕರಗಿಸುತ್ತದೆ. ಮಣ್ಣಿನಲ್ಲಿ ಶತಮಾನಗಟ್ಟಲೆ ಇದ್ದ ಕಂಚಿನಲ್ಲಿ ಮೂಲ ಮೇಲ್ಮೈಯ ಸೂಕ್ಷ್ಮ ಗೆರೆಗಳು ಎಷ್ಟೋ ಸಲ ಆ ಕಿಲುಬಿನ ಪದರದಲ್ಲೇ ಉಳಿದಿರುತ್ತವೆ, ಅದು ಹೋದರೆ ಅಕ್ಷರವೂ ಹೋಯಿತು. ಉಪ್ಪಿನಂಶವಿರುವ ಮಣ್ಣಿನಿಂದ ತೆಗೆದ ಕಂಚಿಗೆ ಇನ್ನೊಂದು ಗಂಡಾಂತರವಿದೆ. ಒಳಗೆ ಸೇರಿಕೊಂಡ ಕ್ಲೋರೈಡ್ ಗಾಳಿ ಮತ್ತು ತೇವಕ್ಕೆ ಒಡ್ಡಿಕೊಂಡಾಗ ತಿಳಿಹಸಿರು ಪುಡಿ ಏಳುತ್ತ ಲೋಹವನ್ನೇ ತಿನ್ನತೊಡಗುತ್ತದೆ. ನಮ್ಮ ಮಳೆಗಾಲದಲ್ಲಿ ಅದು ಎಷ್ಟು ಬೇಗ ಹಬ್ಬೀತೆಂದು ಹೇಳಬೇಕಾಗಿಲ್ಲ. ಆದ್ದರಿಂದ ಸಿಕ್ಕಿದ್ದನ್ನು ತೊಳೆಯದೆ, ಸಾಧ್ಯವಾದರೆ ಅಲುಗಿಸದೆ, ಇದ್ದಲ್ಲೇ ಫೋಟೊ ತೆಗೆದು, ಆಳ ಅಳೆದು, ತಹಶೀಲ್ದಾರರಿಗೆ ಮತ್ತು ಪುರಾತತ್ವ ಇಲಾಖೆಗೆ ತಿಳಿಸುವುದೊಂದೇ ಸರಿಯಾದ ದಾರಿ.

"ಸರಕಾರ ತೆಗೆದುಕೊಂಡು ಹೋಗುತ್ತದೆ" ಎಂಬ ಹೆದರಿಕೆ ಸುಳ್ಳೆಂದು ನಾನು ಹೇಳಲಾರೆ. ಬ್ರಿಟಿಷರ ಕಾಲದ 1878ರ ನಿಧಿ ಕಾಯ್ದೆಯ ಪ್ರಕಾರ ಸರಕಾರ ನಿಧಿಯನ್ನು ತನ್ನದಾಗಿಸಿಕೊಂಡರೆ ಕೊಡಬೇಕಾದದ್ದು ಲೋಹದ ಬೆಲೆ ಮತ್ತು ಅದರ ಐದರಲ್ಲೊಂದು ಭಾಗ ಮಾತ್ರ. ಶಾಸನವಿರುವ ಕಂಚಿಗೂ ಒಡೆದ ಚೆಂಬಿಗೂ ಅಲ್ಲಿ ವ್ಯತ್ಯಾಸವೇ ಇಲ್ಲ! ಈಗ ನಮ್ಮ ರಾಜ್ಯಕ್ಕೆ 1962ರ ಪ್ರತ್ಯೇಕ ಕಾಯ್ದೆ ಇದ್ದರೂ ಆ ತೂಕದ ಲೆಕ್ಕ ಜನರ ಮನಸ್ಸಿನಿಂದ ಹೋಗಿಲ್ಲ. ಪ್ರಾಮಾಣಿಕವಾಗಿ ತಿಳಿಸಿದವನಿಗೆ ವಸ್ತುವಿನ ಚಾರಿತ್ರಿಕ ಬೆಲೆಗೆ ತಕ್ಕ ಬಹುಮಾನ ಸಿಗಬೇಕು, ಅವನ ಹೆಸರು ವಸ್ತುಸಂಗ್ರಹಾಲಯದ ಫಲಕದಲ್ಲಿ ಇರಬೇಕು.

ಇನ್ನೊಂದು ಮಾತನ್ನು ದೇವಸ್ಥಾನ, ದೈವಸ್ಥಾನಗಳ ಮೊಕ್ತೇಸರರಿಗೆ ಹೇಳಬೇಕು. ಬ್ರಹ್ಮಕಲಶದ ಸಂಭ್ರಮದಲ್ಲಿ ಹಳೆಯ ಘಂಟೆ, ದೀಪ, ಮೊಗಗಳನ್ನು ಕರಗಿಸಿ ಹೊಸದು ಎರಕ ಹೊಯ್ಯಿಸುವುದು ಶಾಸ್ತ್ರಕ್ಕೆ ಸಮ್ಮತವೇ ಇರಬಹುದು, ಅದನ್ನು ತಂತ್ರಿಗಳು ನಿರ್ಧರಿಸಲಿ. ಆದರೆ ಮೂಸೆಗೆ ಹಾಕುವ ಮೊದಲು ಪ್ರತಿಯೊಂದರ ಅಂಚು, ಒಳಮೈ, ಪೀಠದ ಅಡಿಭಾಗವನ್ನು ಓರೆಬೆಳಕಿನಲ್ಲಿ ಪರೀಕ್ಷಿಸಿ, ಅಕ್ಷರ ಕಂಡರೆ ಶಾಸನ ಓದಬಲ್ಲವರನ್ನು ಕರೆಸಿ, ಅವರು ಓದಿ ಮುಗಿಸುವವರೆಗೆ ಅದನ್ನು ಪಕ್ಕಕ್ಕೆ ಎತ್ತಿಡಲಿ. ಲಕ್ಷಗಟ್ಟಲೆ ಖರ್ಚಿನ ಉತ್ಸವದಲ್ಲಿ ಇದಕ್ಕೆ ತಗಲುವುದು ಒಂದು ಫ್ಲೆಕ್ಸ್ ಬ್ಯಾನರಿನ ಹಣಕ್ಕಿಂತ ಹೆಚ್ಚಾಗಲಿಕ್ಕಿಲ್ಲ.