ವೋಲ್ಟೇಜ್ ಇಳಿಸೋದಕ್ಕೂ ಬೀಗ ಹಾಕ್ತೀರಾ?

ಲ್ಯಾಪ್‌ಟಾಪ್ ಡಬ್ಬದ ಮೇಲೆ ದಪ್ಪಕ್ಷರದಲ್ಲಿ 5.0 ಗಿಗಾಹರ್ಟ್ಸ್ ಅಂತ ಬರೀತಾರೆ. ಹತ್ತು ನಿಮಿಷ ವಿಡಿಯೋ ರೆಂಡರ್‌ಗೆ ಹಾಕಿದರೆ ಅದೇ ಪ್ರೊಸೆಸರ್ 3 ಗಿಗಾಹರ್ಟ್ಸ್ ಆಸುಪಾಸಿಗೆ ಬಂದು ಕೂತುಬಿಡುತ್ತೆ. ಫ್ಯಾನ್ ಕಿರುಚುತ್ತೆ, ಕೀಬೋರ್ಡ್ ಮೇಲೆ ಬೆರಳಿಡೋಕಾಗಲ್ಲ. ಹೋಗಲಿ, ಒಂದಿಷ್ಟು ವೋಲ್ಟೇಜ್ ಇಳಿಸಿ ಬಿಸಿ ಕಮ್ಮಿ ಮಾಡಿಕೊಳ್ಳೋಣ ಅಂದರೆ ಬಯೋಸ್ (ಮೆಷಿನನ್ನ ಏಳಿಸೋ ಮೂಲ ತಂತ್ರಾಂಶ) ಅಪ್‌ಡೇಟ್ ಹೆಸರಲ್ಲಿ ಅದಕ್ಕೂ ಬೀಗ ಜಡಿದಿದ್ದಾರೆ. ಏರಿಸೋದಕ್ಕೆ ಬೀಗ ಹಾಕಿದ್ದರೆ ಒಪ್ಪಬಹುದಿತ್ತು, ಚಿಪ್ ಸುಟ್ಟುಹೋದೀತು ಅಂತ ಹೆದರಿದರು ಅಂದುಕೊಳ್ಳಬಹುದಿತ್ತು. ಇಳಿಸೋದರಿಂದ ಯಾರ ಗಂಟು ಹೋಗುತ್ತೆ?

ಲ್ಯಾಪ್‌ಟಾಪ್‌ನಲ್ಲಿ ಓವರ್‌ಕ್ಲಾಕ್ (ಚಿಪ್ಪನ್ನ ನಿಗದಿಗಿಂತ ವೇಗವಾಗಿ ಓಡಿಸೋದು) ಅಂದರೆ ಡೆಸ್ಕ್‌ಟಾಪ್ ಥರ ಅಲ್ಲ. ಇಂಟೆಲ್‌ನಲ್ಲಿ ಎಚ್‌ಕೆ, ಎಚ್‌ಎಕ್ಸ್ ಅಂತ ಕೊನೆಯಾಗೋ ಚಿಪ್‌ಗಳನ್ನ ಬಿಟ್ಟರೆ ಹೆಚ್ಚುಕಮ್ಮಿ ಎಲ್ಲದರ ಮಲ್ಟಿಪ್ಲೈಯರೂ (ವೇಗ ನಿರ್ಧರಿಸೋ ಗುಣಕ) ಬಂದ್. ನಮ್ಮ ಕೈಗೆ ಉಳಿಯೋದು ಎರಡೇ: ಪವರ್ ಮಿತಿ ಎತ್ತೋದು, ವೋಲ್ಟೇಜ್ ತಗ್ಗಿಸೋದು, ಅಂದರೆ ಅಂಡರ್‌ವೋಲ್ಟ್. ಪ್ರೊಸೆಸರ್ ನುಂಗೋ ಪವರ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತೆ. 1.15 ವೋಲ್ಟ್ ಇದ್ದದ್ದನ್ನ 1.05ಕ್ಕೆ ತಂದರೆ ಅದೇ ವೇಗಕ್ಕೆ ಸುಮಾರು 17% ಕಮ್ಮಿ ಪವರ್ ಸಾಕು. ಐ7-8750ಎಚ್ ತಗೊಳ್ಳಿ. ಆರು ಕೋರ್, 45 ವ್ಯಾಟ್, ಎಲ್ಲ ಕೋರ್ ಒಟ್ಟಿಗೆ ಓಡಿದರೂ 3.9 ಗಿಗಾಹರ್ಟ್ಸ್ ತನಕ ಅನುಮತಿ ಇದೆ. ಆದರೆ ಭಾರದ ಕೆಲಸ ಬಿದ್ದಾಗ 45 ವ್ಯಾಟ್‌ನಲ್ಲಿ ಆ 3.9 ನಿಲ್ಲಲ್ಲ. ವೋಲ್ಟೇಜ್ ಇಳಿಸಿದಷ್ಟೂ ಅದೇ 45 ವ್ಯಾಟ್‌ನಲ್ಲಿ ವೇಗ ತಾನಾಗೇ ಮೇಲೆ ಹೋಗುತ್ತೆ, ಇಲ್ಲವೇ ಅದೇ ವೇಗಕ್ಕೆ ಬಿಸಿ ಕಮ್ಮಿ. ಕಾಸು ಖರ್ಚಿಲ್ಲದ ಸುಧಾರಣೆ ಇದು. ಇದನ್ನೇ ಕಿತ್ಕೊಂಡಿದ್ದು.

ಕಾರಣ ಏನು ಕೊಡ್ತಾರೆ ಅಂದರೆ ಪ್ಲಂಡರ್‌ವೋಲ್ಟ್. 2019ರ ಡಿಸೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್, ಗ್ರಾಜ್, ಲ್ಯೂವೆನ್ ವಿಶ್ವವಿದ್ಯಾಲಯಗಳ ಸಂಶೋಧಕರು ಹೊರಗೆ ತಂದ ಇಂಟೆಲ್ ಚಿಪ್‌ಗಳ ದೋಷ, ದೋಷಪಟ್ಟಿಯಲ್ಲಿ ಅದರ ನಂಬರ್ ಸಿವಿಇ-2019-11157. ಪ್ರೊಸೆಸರಿನ 0ಎಕ್ಸ್150 ಅನ್ನೋ ರಿಜಿಸ್ಟರ್ (ಚಿಪ್ಪಿನೊಳಗೆ ಸೆಟ್ಟಿಂಗ್ ಬರೆಯೋ ಜಾಗ) ಮೂಲಕ ವೋಲ್ಟೇಜನ್ನ ಸರಿಯಾದ ಗಳಿಗೆಯಲ್ಲಿ ಕುಗ್ಗಿಸಿ, ಎಸ್‌ಜಿಎಕ್ಸ್ ಅನ್ನೋ ಗುಪ್ತ ಕೋಣೆಯೊಳಗಿನ ಲೆಕ್ಕ ತಪ್ಪಿಸಿ, ಕೀಲಿ ಕದಿಯಬಹುದು ಅಂತ ತೋರಿಸಿದರು. ಸಂಶೋಧನೆ ಗಟ್ಟಿಯಾದದ್ದೇ, ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಆ ದಾಳಿಗೆ ಮೊದಲು ನಿಮ್ಮ ಮೆಷಿನ್‌ನ ಅಡ್ಮಿನ್ ಅಧಿಕಾರ ಕಳ್ಳನ ಕೈಲಿರಬೇಕು. ಅಡ್ಮಿನ್ ಅಧಿಕಾರ ಸಿಕ್ಕವನಿಗೆ ಮನೆಬಳಕೆಯ ಲ್ಯಾಪ್‌ಟಾಪ್‌ನಲ್ಲಿ ಕದಿಯೋಕೆ ಎಸ್‌ಜಿಎಕ್ಸ್ ಯಾಕೆ ಬೇಕು? ಆ ಸೌಲಭ್ಯವನ್ನ ಸಾಮಾನ್ಯ ಬಳಕೆದಾರ ಮುಟ್ಟಿದ್ದು 4ಕೆ ಬ್ಲೂ-ರೇ ಡಿಸ್ಕ್ ಹಾಕಿದಾಗ, ಅಷ್ಟೇ. ಎಸ್‌ಜಿಎಕ್ಸ್ ಆಫ್ ಮಾಡಿದವರಿಗೆ ವೋಲ್ಟೇಜ್ ಬಿಟ್ಟುಕೊಡ್ತೀವಿ ಅಂತ ಬಯೋಸ್‌ನಲ್ಲಿ ಒಂದು ಸಾಲು ಇಟ್ಟಿದ್ದರೆ ಮುಗೀತಿತ್ತು. ಇಡಲಿಲ್ಲ. 12ನೇ ತಲೆಮಾರು ಬರೋ ಹೊತ್ತಿಗೆ ಇಂಟೆಲ್ ತನ್ನ ಲ್ಯಾಪ್‌ಟಾಪ್ ಚಿಪ್‌ಗಳಿಂದ ಎಸ್‌ಜಿಎಕ್ಸನ್ನೇ ತೆಗೆದುಹಾಕಿತು. ಕಾಯಬೇಕಾದ ಕೋಣೆಯೇ ಇಲ್ಲ, ಬೀಗ ಮಾತ್ರ ಹಾಗೇ ಉಳೀತು, ಈಗ ಅದಕ್ಕೆ ಅಂಡರ್‌ವೋಲ್ಟ್ ಪ್ರೊಟೆಕ್ಷನ್ ಅಂತ ಹೊಸ ಹೆಸರು.

ಇನ್ನೂ ಹೊಟ್ಟೆ ಉರಿಯೋ ವಿಷಯ ಇದು ಬಂದ ದಾರಿ. ವಿಂಡೋಸ್ ಅಪ್‌ಡೇಟ್ ಜೊತೆಗೆ ಬಯೋಸೂ ಸದ್ದಿಲ್ಲದೆ ಬರುತ್ತೆ. ರಾತ್ರಿ ಮೆಷಿನ್ ರೀಸ್ಟಾರ್ಟ್ ಆಗುತ್ತೆ, ಬೆಳಗ್ಗೆ ಅಂಡರ್‌ವೋಲ್ಟ್ ಸತ್ತಿರುತ್ತೆ. ಬದಲಾವಣೆಗಳ ಪಟ್ಟಿಯಲ್ಲಿ 'ಭದ್ರತೆ ಹೆಚ್ಚಿಸಲಾಗಿದೆ' ಅಂತ ಒಂದು ಸಾಲು. ಹಿಂದಿನ ಆವೃತ್ತಿಗೆ ಹೋಗೋಣ ಅಂದರೆ ಎಷ್ಟೋ ಮಾಡೆಲ್‌ಗಳಲ್ಲಿ ಅದಕ್ಕೂ ತಡೆ. ಬಯೋಸ್ ಸೆಟಪ್‌ನಲ್ಲಿ ಯುಇಎಫ್‌ಐ ಕ್ಯಾಪ್ಸೂಲ್ ಅಪ್‌ಡೇಟ್ (ವಿಂಡೋಸ್ ಮೂಲಕ ಬಯೋಸ್ ಬರೋ ದಾರಿ) ಅನ್ನೋ ಆಯ್ಕೆ ಇದ್ದರೆ ಮೊದಲು ಅದನ್ನ ಆಫ್ ಮಾಡಿ. ಬಾಗಿಲು ಇನ್ನೂ ತೆರೆದಿರೋವಾಗಲೇ ಮಾಡಬೇಕಾದ ಕೆಲಸ ಅದು.

ನಿಮ್ಮದು ಬಂದ್ ಆಗಿದೆಯೋ ಇಲ್ಲವೋ ತಿಳಿಯೋಕೆ ಥ್ರಾಟಲ್‌ಸ್ಟಾಪ್ ಅನ್ನೋ ವಿಂಡೋಸ್ ತಂತ್ರಾಂಶ ತೆರೆದು, ವೋಲ್ಟೇಜ್ ಬದಲಿಸೋ ಎಫ್‌ಐವಿಆರ್ ಕಿಟಕಿಗೆ ಹೋಗಿ. ಅನ್‌ಲಾಕ್ ಮಾಡೋ ಆಯ್ಕೆಯನ್ನ ಟಿಕ್ ಮಾಡಿ, ಕೋರ್ ಮತ್ತು ಕ್ಯಾಷ್ (ಚಿಪ್ಪಿನೊಳಗಿನ ವೇಗದ ಮೆಮೊರಿ) ಎರಡಕ್ಕೂ −50 ಮಿಲಿವೋಲ್ಟ್ ಕೊಡಿ. ಮೇಲಿನ ಪಟ್ಟಿಯಲ್ಲಿ ಆಫ್‌ಸೆಟ್ (ಎಷ್ಟು ಇಳಿಸಿದ್ದೀವಿ ಅನ್ನೋ ಅಂಕಿ) ಕಾಲಂ ಇನ್ನೂ ಸೊನ್ನೆಯನ್ನೇ ತೋರಿಸಿದರೆ ಬೀಗ ಬಿದ್ದಿದೆ. ಬೀಗ ಇಲ್ಲದಿದ್ದರೆ ಹತ್ತತ್ತು ಮಿಲಿವೋಲ್ಟ್ ಇಳಿಸ್ತಾ ಹೋಗಿ. 8ನೇ, 9ನೇ ತಲೆಮಾರಿನಲ್ಲಿ ಕೋರ್, ಕ್ಯಾಷ್ ಎರಡನ್ನೂ ಸಮ ಇಡಿ, ಕೋರ್ ಒಂದನ್ನೇ ಇಳಿಸಿದರೆ ವೋಲ್ಟೇಜ್ ನಿಜಕ್ಕೂ ಇಳಿಯಲ್ಲ. ಪರೀಕ್ಷೆ ಮುಗಿಯೋ ತನಕ 'ವೋಲ್ಟೇಜ್ ಉಳಿಸಬೇಡ' ಅನ್ನೋ ಆಯ್ಕೆಯಲ್ಲೇ ಇರಿ, ಇಲ್ಲದಿದ್ದರೆ ಕ್ರ್ಯಾಶ್ ಆದಾಗ ಅದೇ ಕೆಟ್ಟ ಅಂಕಿ ಹೊತ್ತುಕೊಂಡೇ ಮೆಷಿನ್ ಏಳುತ್ತೆ. ಸಿನೆಬೆಂಚ್ ಅನ್ನೋ ವೇಗ ಪರೀಕ್ಷೆಯನ್ನ ಅರ್ಧ ಗಂಟೆ ಓಡಿಸಿ ಗೆದ್ದೆ ಅಂದುಕೊಳ್ಳಬೇಡಿ. ಆಫ್‌ಸೆಟ್ ಇಡೀ ವೋಲ್ಟೇಜ್ ರೇಖೆಯನ್ನೇ ಕೆಳಗೆಳೆಯುತ್ತೆ. ಹಾಗಾಗಿ ಭಾರದಲ್ಲಿ ಗಟ್ಟಿಯಾಗಿ ನಿಂತ ಮೆಷಿನ್ ಸುಮ್ಮನೆ ಬ್ರೌಸರ್ ತೆರೆದಿಟ್ಟಾಗ, ಇಲ್ಲವೇ ಸ್ಲೀಪ್‌ನಿಂದ ಏಳೋವಾಗ ಬಿದ್ದುಹೋಗಬಹುದು. ನೀಲಿ ಪರದೆಯಲ್ಲಿ ವೀಯಾ (WHEA, ಹಾರ್ಡ್‌ವೇರ್ ತಪ್ಪಿದೆ ಅನ್ನೋ ಸೂಚನೆ) ದೋಷ ಕಂಡರೆ 15ರಿಂದ 20 ಮಿಲಿವೋಲ್ಟ್ ವಾಪಸ್ ಕೊಡಿ. ವಿಂಡೋಸ್ 11ರಲ್ಲಿ ಮೆಮೊರಿ ಇಂಟೆಗ್ರಿಟಿ ಅನ್ನೋ ಭದ್ರತಾ ಸೌಲಭ್ಯ, ಅದರ ಹಿಂದಿನ ವಿಬಿಎಸ್ (ವರ್ಚುವಲೈಸೇಶನ್ ಆಧಾರಿತ ಭದ್ರತೆ) ಆನ್ ಇದ್ದರೂ ಈ ದಾರಿ ಮುಚ್ಚಿಹೋಗಬಹುದು. ಬಯೋಸನ್ನ ಬೈಯೋ ಮೊದಲು ಅದನ್ನ ನೋಡಿ.

ಬೀಗ ಬಿದ್ದವರಿಗೆ ಉಳಿದ ದಾರಿ ಎಷ್ಟು ಕಷ್ಟದ್ದು ನೋಡಿ. ತಯಾರಕರು ಎರಡು ಗಂಟೆ ಕೂತು ಬರೆಯಬಹುದಾಗಿದ್ದ ಒಂದು ಮೆನು ಸಾಲಿಗಾಗಿ ಜನ ಇಷ್ಟೆಲ್ಲ ಮಾಡಬೇಕು. ನಿಮ್ಮ ಮಾಡೆಲ್‌ನ, ನಿಮ್ಮದೇ ಆವೃತ್ತಿಯ ಬಯೋಸ್ ಫೈಲನ್ನ ಯುಇಎಫ್‌ಐಟೂಲ್ ಅನ್ನೋ ತಂತ್ರಾಂಶದಲ್ಲಿ ತೆರೆದು ಓವರ್‌ಕ್ಲಾಕಿಂಗ್ ಲಾಕ್ ಅನ್ನೋ ಪಠ್ಯ ಹುಡುಕಬೇಕು. ಅದು ಸಿಕ್ಕ ಮಾಡ್ಯೂಲ್ ಹೊರಗೆ ತೆಗೆದು ಮೆನುಗಳನ್ನ ಪಠ್ಯ ಮಾಡೋ ಐಎಫ್‌ಆರ್ ಎಕ್ಸ್‌ಟ್ರ್ಯಾಕ್ಟರ್‌ಗೆ ಕೊಟ್ಟರೆ ಬರೋ ಪಠ್ಯದಲ್ಲಿ ಆ ಸೆಟ್ಟಿಂಗಿನ ಆಫ್‌ಸೆಟ್ (ಇಲ್ಲಿ ವೋಲ್ಟೇಜ್ ಅಲ್ಲ, ಅದು ಕೂತಿರೋ ಜಾಗದ ಅಂಕಿ) ಮತ್ತು ಅದು ಯಾವ ವೇರಿಯಬಲ್‌ನಲ್ಲಿದೆ (ಬಯೋಸ್ ಸೆಟ್ಟಿಂಗ್‌ಗಳ ಯಾವ ಕಟ್ಟಿನಲ್ಲಿದೆ) ಅನ್ನೋದು ಸಿಗುತ್ತೆ. ಎರಡನ್ನೂ ಬರೆದಿಟ್ಟುಕೊಳ್ಳಿ. ಇಲ್ಲೇ ಬಹಳ ಜನ ಎಡವೋದು. ಈಚಿನ ಬಯೋಸ್‌ಗಳಲ್ಲಿ ಇದು ಸೆಟಪ್ ವೇರಿಯಬಲ್‌ನಲ್ಲಿರಲ್ಲ, ಸಿಪಿಯುಸೆಟಪ್ ಅನ್ನೋ ಬೇರೆಯದರಲ್ಲಿರುತ್ತೆ. ಹಳೇ ಸೆಟಪ್-ವಾರ್ (setup_var) ಆದೇಶ ಮೊದಲನೆಯದಕ್ಕೇ ಬರೆಯುತ್ತೆ, ಅಂದರೆ ನಿಮಗೇ ಗೊತ್ತಿಲ್ಲದ ಯಾವುದೋ ಬೇರೆ ಸೆಟ್ಟಿಂಗ್ ಅಳಿಸಿಹೋಗುತ್ತೆ. ವೇರಿಯಬಲ್ ಹೆಸರು ಕೇಳೋ ತಿದ್ದಿದ ಗ್ರಬ್ (ಪೆನ್‌ಡ್ರೈವ್‌ನಿಂದ ಬೂಟ್ ಮಾಡೋ ತಂತ್ರಾಂಶ) ಬಳಸಿ. ಪೆನ್‌ಡ್ರೈವ್‌ನಿಂದ ಬೂಟ್ ಮಾಡೋಕೆ ಸೆಕ್ಯೂರ್ ಬೂಟ್ ಆಫ್ ಇರಬೇಕು, ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ರಿಕವರಿ ಕೀ ಮೊದಲೇ ಬರೆದಿಟ್ಟುಕೊಂಡಿರಬೇಕು. ಬರೆಯೋ ಮುಂಚೆ ಬರೀ ಓದಿ ನೋಡಿ. ಬೀಗ ಬಿದ್ದಿರೋ ಕಡೆ 0ಎಕ್ಸ್01 ಕಾಣಬೇಕು. ಬೇರೇನಾದರೂ ಕಂಡರೆ ಅಲ್ಲಿಗೇ ನಿಲ್ಲಿಸಿ, ಆಫ್‌ಸೆಟ್ ತಪ್ಪಾಗಿದೆ. ಇನ್ನೊಬ್ಬರು ಹಾಕಿದ ಆಫ್‌ಸೆಟ್ ನಕಲು ಮಾಡಲೇಬೇಡಿ, ಆವೃತ್ತಿ ಬದಲಾದರೆ ಅದೂ ಜಾಗ ಬದಲಿಸುತ್ತೆ.

ಬರೆದದ್ದು ತಪ್ಪಾಗಿ ಮೆಷಿನ್ ಏಳದೇ ಹೋದರೆ ಉಳಿಯೋದು ಪ್ರೋಗ್ರಾಮರ್, ಅಂದರೆ ಬಯೋಸ್ ಚಿಪ್‌ಗೆ ನೇರವಾಗಿ ಬರೆಯೋ ಸಾಧನ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸಿಗೋ ಸಿಎಚ್341ಎ ಕಪ್ಪು ಬೋರ್ಡನ್ನ ಹಾಗೇ ಹಚ್ಚಬೇಡಿ. ಅದರ ಪವರ್ ಪಿನ್ 3.3 ವೋಲ್ಟ್ ಇದ್ದರೂ ಡೇಟಾ ಪಿನ್‌ಗಳಲ್ಲಿ 5 ವೋಲ್ಟ್ ಬರುತ್ತೆ. ಚಿಪ್ ಮೇಲಿನ ಬರಹ ಓದಿ: ವಿನ್‌ಬಾಂಡ್ 25ಕ್ಯೂ128ಜೆವಿ ಆದರೆ 3.3 ವೋಲ್ಟ್, ಅದೇ 128ಎಫ್‌ಡಬ್ಲ್ಯೂ ಅಥವಾ ಜೆಡಬ್ಲ್ಯೂ ಆದರೆ 1.8 ವೋಲ್ಟ್, ಅದಕ್ಕೆ ಬೇರೆ ಅಡಾಪ್ಟರ್ ಬೇಕೇ ಬೇಕು. ಬ್ಯಾಟರಿ ಕನೆಕ್ಟರ್ ಬಿಚ್ಚಿ, ಎರಡು ಸಲ ಓದಿ, ಎರಡೂ ಫೈಲ್ ಅಕ್ಷರಕ್ಷರ ಒಂದೇ ಇವೆಯಾ ನೋಡಿ. 128 ಮೆಗಾಬಿಟ್ ಚಿಪ್ ಆದರೆ ಫೈಲ್ ಸರಿಯಾಗಿ 1,67,77,216 ಬೈಟ್ ಇರಬೇಕು. ನಿಮ್ಮ ಸೀರಿಯಲ್ ನಂಬರ್, ವಿಂಡೋಸ್ ಕೀ ಅದರೊಳಗೇ ಇರೋದರಿಂದ ಪಕ್ಕದವರ ಫೈಲ್ ತಂದು ಬರೆದರೆ ಆ ಎರಡೂ ಹೋಗ್ತವೆ. ಬೂಟ್ ಗಾರ್ಡ್ (ಬಯೋಸ್ ಅಸಲಿಯೇ ಅಂತ ಚಿಪ್ಪೇ ಪರೀಕ್ಷಿಸೋ ಕಾವಲು) ಇರೋ ಮೆಷಿನ್‌ನಲ್ಲಿ ತಿದ್ದಿದ ಬಯೋಸ್ ಏಳೋದೇ ಇಲ್ಲ, ಅಲ್ಲಿ ಮೂಲ ಫೈಲ್ ವಾಪಸ್ ಬರೆಯೋದಷ್ಟೇ ದಾರಿ.

ಪವರ್ ಮಿತಿಯ ವಿಷಯದಲ್ಲೂ ಇದೇ ಕಳ್ಳಾಟ. ಪಿಎಲ್1 ಅನ್ನೋದು ನಿರಂತರ ಮಿತಿ, ಪಿಎಲ್2 ಕೆಲವು ಸೆಕೆಂಡುಗಳ ಮಿತಿ. ಈ ಎರಡು ಅಂಕಿ ಎರಡು ಜಾಗದಲ್ಲಿ ಇರ್ತವೆ: ಒಂದು ಎಂಎಸ್‌ಆರ್ (ಪ್ರೊಸೆಸರಿನ ರಿಜಿಸ್ಟರ್), ಇನ್ನೊಂದು ಎಂಎಂಐಒ (ಮೆಮೊರಿ ವಿಳಾಸದ ಮೂಲಕ ತಲುಪೋ ರಿಜಿಸ್ಟರ್). ಯಾವುದು ಕಮ್ಮಿಯೋ ಅದೇ ಗೆಲ್ಲುತ್ತೆ. ನೀವು ಥ್ರಾಟಲ್‌ಸ್ಟಾಪ್‌ನಲ್ಲಿ 60 ವ್ಯಾಟ್ ಕೊಟ್ಟರೂ ಬೋರ್ಡಿನ ಎಂಬೆಡೆಡ್ ಕಂಟ್ರೋಲರ್ ಇನ್ನೊಂದು ಕಡೆ 35 ಬರೆದು ಕೂರುತ್ತೆ. ಥ್ರಾಟಲ್‌ಸ್ಟಾಪ್‌ನ ಪವರ್ ಮಿತಿಯ ಟಿಪಿಎಲ್ ಕಿಟಕಿಯಲ್ಲಿ ಎಂಎಂಐಒ ಲಾಕ್ ಹಾಕಿ. ಲಿಮಿಟ್ಸ್ ಕಿಟಕಿಯಲ್ಲಿ ಕೆಂಪು ಬರೋ ಪೆಟ್ಟಿಗೆಯ ಹೆಸರೇ ರೋಗದ ಹೆಸರು. ಪಿಎಲ್1 ಕೆಂಪಾದರೆ ಪವರ್ ಮಿತಿ, ಥರ್ಮಲ್ ಆದರೆ ಬಿಸಿ, ಇಡಿಪಿ ಆದರೆ ಕರೆಂಟ್. ಹಾಗಂತ 45 ವ್ಯಾಟ್‌ನದ್ದನ್ನ 80ಕ್ಕೆ ಎಳೀಬೇಡಿ. ಪ್ರೊಸೆಸರ್ ತಡೆದರೂ ಅದಕ್ಕೆ ಕರೆಂಟ್ ಕೊಡೋ ಮಾಸ್ಫೆಟ್‌ಗಳ ಮೇಲೆ ಎಷ್ಟೋ ಬೋರ್ಡ್‌ಗಳಲ್ಲಿ ಥರ್ಮಲ್ ಪ್ಯಾಡೇ ಇರಲ್ಲ.

ಬಿ.ಡಿ. ಪ್ರೋಚಾಟ್ (BD PROCHOT, ಹೊರಗಿನಿಂದ ಬರೋ ಬಿಸಿಯ ಸನ್ನೆ) ಅನ್ನೋದಂತೂ ಶುದ್ಧ ಕಿರುಕುಳ. ಬೋರ್ಡಿನಲ್ಲಿರೋ ಬೇರೆ ಯಾವ ಭಾಗ ಬೇಕಾದರೂ 'ಬಿಸಿ ಆಯ್ತು' ಅಂತ ಪ್ರೊಸೆಸರ್‌ಗೆ ಸನ್ನೆ ಮಾಡಬಹುದು. ಅಡಾಪ್ಟರ್ ಗುರುತು ಸಿಗದೇ ಇದ್ದರೆ, ಅಡಾಪ್ಟರ್ ಪಿನ್ ನಡುವಿನ ಸಣ್ಣ ಸೂಜಿ ಬಗ್ಗಿದ್ದರೆ, ಯಾವುದೋ ಸೆನ್ಸರ್ ಸತ್ತಿದ್ದರೆ ಪ್ರೊಸೆಸರ್ 40 ಡಿಗ್ರಿಯಲ್ಲೇ 0.8 ಗಿಗಾಹರ್ಟ್ಸ್‌ಗೆ ಕುಸಿಯುತ್ತೆ. ಸರ್ವಿಸ್ ಸೆಂಟರ್‌ನವರು 'ಬೋರ್ಡ್ ಹೋಗಿದೆ ಸರ್, ಬದಲಾಯಿಸಬೇಕು' ಅಂತಾರೆ. ಥ್ರಾಟಲ್‌ಸ್ಟಾಪ್‌ನಲ್ಲಿ ಬಿ.ಡಿ. ಪ್ರೋಚಾಟ್ ಟಿಕ್ ತೆಗೆದು ನೋಡಿ. ತಕ್ಷಣ ವೇಗ ವಾಪಸ್ ಬಂದರೆ ಪ್ರೊಸೆಸರ್ ಚೆನ್ನಾಗಿದೆ, ಹುಡುಕಬೇಕಾದ್ದು ಚಾರ್ಜಿಂಗ್ ಅಥವಾ ಸೆನ್ಸರ್ ಕಡೆ. ಪ್ರೊಸೆಸರಿನ ಸ್ವಂತ 100 ಡಿಗ್ರಿ ರಕ್ಷಣೆ ಆಗಲೂ ಇದ್ದೇ ಇರುತ್ತೆ.

ಬಿಸಿ ಇಳಿಸೋ ಕೆಲಸ ಕೈಯಿಂದ ಮಾಡೋರಿಗೆ: ಕಾರ್ಖಾನೆಯ ಪೇಸ್ಟ್ ತೆಗೆದು ಡೆಸ್ಕ್‌ಟಾಪ್‌ನ ತೆಳು ಪೇಸ್ಟ್ ಹಾಕಿದರೆ ಕೆಲವೇ ತಿಂಗಳಲ್ಲಿ ಮತ್ತೆ 95 ಡಿಗ್ರಿ ನೋಡ್ತೀರಿ. ಲ್ಯಾಪ್‌ಟಾಪ್‌ನಲ್ಲಿ ಚಿಪ್ ಬೋಳಾಗಿರುತ್ತೆ, ಬಿಸಿಗೆ ಹಿಗ್ಗಿ ತಂಪಿಗೆ ಕುಗ್ಗಿ ಪೇಸ್ಟನ್ನ ಅಂಚಿಗೆ ತಳ್ಳಿಬಿಡುತ್ತೆ. ಹನಿವೆಲ್ ಪಿಟಿಎಂ7950 ಹಾಳೆ ಇದಕ್ಕೆ ಒಳ್ಳೇದು. ದಪ್ಪ 0.25 ಮಿಲಿಮೀಟರ್, ಚಿಪ್ ಅಳತೆಗೆ ಕತ್ತರಿಸಿ, ಹತ್ತು ನಿಮಿಷ ಫ್ರೀಜರ್‌ನಲ್ಲಿಟ್ಟರೆ ಪ್ಲಾಸ್ಟಿಕ್ ಸಲೀಸಾಗಿ ಬಿಡುತ್ತೆ. ಸುಮಾರು 45 ಡಿಗ್ರಿಗೆ ಮೆದುವಾಗುತ್ತೆ, ಮೊದಲ ಕೆಲವು ಸಲ ಚೆನ್ನಾಗಿ ಬಿಸಿಯಾದ ಮೇಲೇ ಅದರ ನಿಜವಾದ ಫಲ. ಲಿಕ್ವಿಡ್ ಮೆಟಲ್ ಇನ್ನೂ ತಂಪು ಕೊಡುತ್ತೆ, ಆದರೆ ಅದರೊಳಗಿನ ಗ್ಯಾಲಿಯಂ ಅಲ್ಯೂಮಿನಿಯಮ್ಮನ್ನ ತಿಂದುಹಾಕುತ್ತೆ, ಕರೆಂಟೂ ಹರಿಸುತ್ತೆ. ಚಿಪ್ ಸುತ್ತಲಿನ ಸಣ್ಣ ಕೆಪಾಸಿಟರ್‌ಗಳನ್ನ ಮುಚ್ಚದೆ, ಅಂಚಿಗೆ ಫೋಮ್ ಕಟ್ಟು ಹಾಕದೆ, ಬ್ಯಾಗಿನಲ್ಲಿ ಹೊತ್ತು ತಿರುಗೋ ಮೆಷಿನ್‌ಗೆ ಹಾಕೋದು ಬೇಡ. ಇನ್ನೊಂದು, ಮೆಮೊರಿ ಮೇಲೆ 1 ಮಿಲಿಮೀಟರ್ ಪ್ಯಾಡ್ ಇದ್ದ ಕಡೆ 1.5ರ ಗಟ್ಟಿ ಪ್ಯಾಡ್ ಇಟ್ಟರೆ ಹೀಟ್‌ಸಿಂಕ್ ಚಿಪ್‌ಗೆ ತಾಗೋದೇ ಇಲ್ಲ, ಆನ್ ಮಾಡಿದ ಕೂಡಲೇ 100 ಡಿಗ್ರಿ. ಸ್ಕ್ರೂ ಪಕ್ಕದ 1, 2, 3, 4ರ ಕ್ರಮದಲ್ಲೇ ಸ್ವಲ್ಪ ಸ್ವಲ್ಪ ಬಿಗಿ ಮಾಡಿ.

ರಾಯಚೂರು, ಕಲಬುರಗಿ ಕಡೆ ಏಪ್ರಿಲ್-ಮೇನಲ್ಲಿ ಹೊರಗೇ 40 ದಾಟುತ್ತೆ. ಎಷ್ಟೋ ಲ್ಯಾಪ್‌ಟಾಪ್‌ಗಳ ಕೈಪಿಡಿಯಲ್ಲಿ ಬಳಸಬಹುದಾದ ಗರಿಷ್ಠ ಉಷ್ಣತೆ 35 ಡಿಗ್ರಿ ಅಂತ ಬರೆದಿರ್ತಾರೆ. ಅಲ್ಲಿಯ ವಿದ್ಯಾರ್ಥಿ ವೋಲ್ಟೇಜ್ ಇಳಿಸೋದು ಶೋಕಿಗಲ್ಲ, ಮೆಷಿನ್ ಮಧ್ಯಾಹ್ನ ಕೆಲಸ ಮಾಡಲಿ ಅಂತ. ಅಂಥವರ ಕೈ ಕಟ್ಟೋದು ಅನ್ಯಾಯ.

ಎಎಂಡಿಯಲ್ಲಿ ಸ್ವಲ್ಪ ವಾಸಿ. ರೈಜೆನ್‌ಅಡ್ಜ್ ಅನ್ನೋ ತಂತ್ರಾಂಶದಲ್ಲಿ ಸ್ಟ್ಯಾಪಂ, ಫಾಸ್ಟ್, ಸ್ಲೋ ಅನ್ನೋ ಮೂರೂ ಪವರ್ ಮಿತಿಗಳನ್ನ ಮಿಲಿವ್ಯಾಟ್‌ನಲ್ಲಿ ಕೊಡಬೇಕು, 45 ವ್ಯಾಟ್‌ಗೆ 45000. ಆದರೆ ಚಾರ್ಜರ್ ತೆಗೆದು ಹಾಕಿದರೆ ಸಾಕು, ಫರ್ಮ್‌ವೇರ್ ಮತ್ತೆ ತನ್ನ ಅಂಕಿ ಬರೆದುಬಿಡುತ್ತೆ, ಹಾಗಾಗಿ ಕೆಲವು ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಕೊಡ್ತಾ ಇರಬೇಕು.

ಮೊದಲು ಹೀಗಿರಲಿಲ್ಲ ಅನ್ನೋದೇ ಸಂಕಟ. ಪೆಂಟಿಯಂ ಎಂ ಕಾಲದಲ್ಲಿ 1.6 ಗಿಗಾಹರ್ಟ್ಸ್‌ನ ಡೋಥನ್ ಚಿಪ್ ಸಾಕೆಟ್‌ನಲ್ಲಿ ಕೂರ್ತಿತ್ತು. ಬಸ್ ವೇಗ ಎಷ್ಟು ಅಂತ ಬೋರ್ಡಿಗೆ ಹೇಳೋ ಬಿಎಸ್‌ಇಎಲ್ ಪಿನ್‌ನ ಸ್ಥಿತಿಯನ್ನ ತೆಳ್ಳನೆ ತಾಮ್ರದ ಎಳೆಯಿಂದ ಬದಲಿಸಿದರೆ ಬಸ್ 100ರಿಂದ 133 ಮೆಗಾಹರ್ಟ್ಸ್ ಆಗಿ, 16 ಮಲ್ಟಿಪ್ಲೈಯರ್ ಜೊತೆ 2.13 ಗಿಗಾಹರ್ಟ್ಸ್ ಸಿಗ್ತಿತ್ತು. ಬೋರ್ಡಿನ ಕ್ಲಾಕ್ ಚಿಪ್ ನಂಬರ್ ಓದಿ ಸೆಟ್‌ಎಫ್‌ಎಸ್‌ಬಿ ಅನ್ನೋ ತಂತ್ರಾಂಶದಲ್ಲಿ ಒಂದೊಂದೇ ಮೆಗಾಹರ್ಟ್ಸ್ ಏರಿಸೋರೂ ಇದ್ದರು. ಹ್ಯಾಸ್ವೆಲ್ (4ನೇ ತಲೆಮಾರು) ಆದ ಮೇಲೆ ಇಂಟೆಲ್‌ನ ಲ್ಯಾಪ್‌ಟಾಪ್ ಚಿಪ್‌ಗಳು ಬೋರ್ಡಿಗೇ ಬೆಸುಗೆಯಾದವು. ಸಾಕೆಟ್ ಹೋಯ್ತು, ಮಲ್ಟಿಪ್ಲೈಯರ್ ಹೋಯ್ತು, ಕೊನೆಗೆ ವೋಲ್ಟೇಜೂ ಹೋಯ್ತು.

ಹೊಸದು ತಗೊಳ್ಳೋರು ಅಂಗಡಿಯಲ್ಲಿ ಗಿಗಾಹರ್ಟ್ಸ್ ಕೇಳಬೇಡಿ. ಪಿಎಲ್1 ಎಷ್ಟು ವ್ಯಾಟ್, ಬಯೋಸ್‌ನಲ್ಲಿ ಅಂಡರ್‌ವೋಲ್ಟ್ ಆಯ್ಕೆ ಇದೆಯಾ, ಹಳೇ ಬಯೋಸ್‌ಗೆ ವಾಪಸ್ ಹೋಗೋಕೆ ಬಿಡುತ್ತಾ ಅಂತ ಕೇಳಿ. ಎಚ್‌ಎಕ್ಸ್ ಅಂತ ಬರೆದಿದೆ ಅಂದ ಮಾತ್ರಕ್ಕೆ ನಂಬಬೇಡಿ, ಅದರಲ್ಲೂ ಅಂಡರ್‌ವೋಲ್ಟ್ ಪ್ರೊಟೆಕ್ಷನ್ ಆನ್ ಮಾಡಿ ಮೆನು ಮುಚ್ಚಿಟ್ಟ ಮಾಡೆಲ್‌ಗಳಿವೆ. ಉತ್ತರ ಬರದಿದ್ದರೆ ಡೆಮೊ ಮೆಷಿನ್‌ನಲ್ಲಿ ಎಚ್‌ಡಬ್ಲ್ಯೂಇನ್ಫೋ (ಬಿಸಿ, ಪವರ್ ತೋರಿಸೋ ತಂತ್ರಾಂಶ) ಹಾಕಿಸಿ, ಸಿನೆಬೆಂಚ್ ಹತ್ತು ನಿಮಿಷ ಬಿಡಿ, ಸಿಪಿಯು ಪ್ಯಾಕೇಜ್ ಪವರ್ ಎಷ್ಟಕ್ಕೆ ಬಂದು ನಿಲ್ಲುತ್ತೆ ನೋಡಿ. ಓಡಿಸೋಕೆ ಬಿಡಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗಿ.