ನನ್ನ ಕಾರಿಗೆ ನಾನೇ ಕಳ್ಳ

ಜುಲೈಯಲ್ಲಿ ಹದಿನೈದು ದಿನ ಊರಿಗೆ ಹೋಗಿ ಬಂದು, ಮುಂಬೈನ ಮುಲುಂಡಿನ ನಮ್ಮ ಸೊಸೈಟಿಯ ಅಂಗಳದಲ್ಲಿ ನೆನೆಯುತ್ತ ನಿಂತಿದ್ದ ಕಾರಿನ ಕೀಲಿ ತಿರುಗಿಸಿದರೆ ಅದು ಕೆಮ್ಮಲೂ ಇಲ್ಲ. ಡಿಕ್ಕಿಯ ದೀಪ ಉರಿಯುತ್ತಲೇ ಉಳಿದು ಬ್ಯಾಟರಿಯನ್ನು ನೆಕ್ಕಿಬಿಟ್ಟಿತ್ತು. ಪಕ್ಕದ ಗಲ್ಲಿಯ ಮೆಕ್ಯಾನಿಕ್ ಹೊಸ ಬ್ಯಾಟರಿ ಕೂರಿಸಿದ. ಕಾರು ಎದ್ದಿತು. ಆದರೆ ಗಡಿಯಾರ ಸೊನ್ನೆಗೆ ಹೋಗಿತ್ತು. ರೇಡಿಯೋ ಹಾಡುವುದನ್ನು ಬಿಟ್ಟು ‘ಕೋಡ್’ ಕೇಳಿತು.

ಇಪ್ಪತ್ತು ವರ್ಷ ದಾಟಿದ ಕಾರು. ಆ ಕಾಲದಲ್ಲಿ ಕಳ್ಳರು ಗಾಜು ಒಡೆದು ಸ್ಟೀರಿಯೋ ಕಿತ್ತೊಯ್ಯುತ್ತಿದ್ದರು. ಅದಕ್ಕೇ ಕಂಪನಿಯವರು ರೇಡಿಯೋಗೆ ನಾಲ್ಕಂಕಿಯ ಗುಟ್ಟೊಂದನ್ನು ಕಲಿಸಿಟ್ಟಿದ್ದರು. ಬ್ಯಾಟರಿಯ ನಂಟು ತಪ್ಪಿತೆಂದರೆ ತನ್ನನ್ನು ಯಾರೋ ಕದ್ದರೆಂದೇ ಅದರ ಲೆಕ್ಕ. ಕ್ಯಾಸೆಟ್ ನುಂಗುವ ಆ ಡಬ್ಬವನ್ನು ಇವತ್ತು ಚೋರ್ ಬಜಾರಿನಲ್ಲಿ ಬಿಟ್ಟಿ ಇಟ್ಟರೂ ಯಾರೂ ಮೂಸುವುದಿಲ್ಲ. ಜಂಬ ಮಾತ್ರ ಇಳಿದಿಲ್ಲ.

ಕೋಡಿನ ಕಾರ್ಡು ಕೈಪಿಡಿಯ ಜೊತೆ ಇರುತ್ತದಂತೆ. ಕೈಪಿಡಿ ಇರಬೇಕಾದ ಜಾಗದಲ್ಲಿ ಮೂರು ಹಳೆಯ ಪಿಯುಸಿ ಚೀಟಿಗಳು (ಹೊಗೆಯದು, ಓದಿನದಲ್ಲ) ಮತ್ತು ಅವುಗಳಿಗೆ ಅಂಟಿಕೊಂಡ ಒಂದು ಪೆಪ್ಪರ್‌ಮಿಂಟು.

ಊಹಿಸಲು ಕುಳಿತೆ. ಒಂದನೇ ಗುಂಡಿ ಒತ್ತಿದಂತೆಲ್ಲ ಮೊದಲ ಅಂಕಿ ಏರುತ್ತದೆ, ಎರಡನೆಯದಕ್ಕೆ ಎರಡನೇ ಗುಂಡಿ, ಹೀಗೆ ನಾಲ್ಕು. ನನ್ನ ಬೆರಳು ದಪ್ಪ. ಏಳಕ್ಕೆ ನಿಲ್ಲಿಸಲು ಹೋದರೆ ಎಂಟಕ್ಕೆ ಹಾರುತ್ತದೆ. ಮತ್ತೆ ಒಂಬತ್ತು, ಸೊನ್ನೆ ಎಂದು ಪೂರ್ತಿ ಪ್ರದಕ್ಷಿಣೆ. ಮೊದಲು ಕಾರಿನ ನಂಬರ್ ಹಾಕಿದೆ. ಆಮೇಲೆ ನಾನು ಹುಟ್ಟಿದ ಇಸವಿ.

“ಕಾರು ಕೊಂಡದ್ದೇ ಸೆಕೆಂಡ್ ಹ್ಯಾಂಡು. ನೀವು ಹುಟ್ಟಿದ್ದು ಅದಕ್ಕೆ ಹೇಗೆ ಗೊತ್ತಿರುತ್ತದೆ ರೀ?” ಎಂದಳು ಹೆಂಡತಿ.

ಎರಡನೇ ತಪ್ಪಿಗೆ ರೇಡಿಯೋ ‘ಸೇಫ್’ ಎಂದು ತೋರಿಸಿ ಮುಷ್ಕರ ಹೂಡಿತು. ಇನ್ನು ಒಂದು ಗಂಟೆ ಅದನ್ನು ಆನ್ ಇಟ್ಟು ಕಾಯಬೇಕು. ಮಳೆ ಸುರಿಯುತ್ತಿತ್ತು. ಮೂಕ ರೇಡಿಯೋದ ಎದುರು ಕುಳಿತ ನನ್ನನ್ನು ನೋಡಿ ವಾಚ್‌ಮನ್ ಎರಡು ಸಲ ಕಿಟಕಿ ತಟ್ಟಿದ. ಮನೆಯಲ್ಲಿ ಜಗಳವೇ ಎಂದು ಕೇಳಿದ. ಇಲ್ಲ ಎಂದೆ, ನಂಬಲಿಲ್ಲ.

ಕಾರಿನ ಹಿಂದಿನ ಮಾಲೀಕರು ಉಡುಪಿ ಕಡೆಯವರು, ಹೋಟೆಲಿನ ಯಜಮಾನರು. ಫೋನ್ ಮಾಡಿದೆ. “ಕೋಡಾ? ಗಿರಾಕಿಗಳ ಗಲಾಟೆ ಕೇಳಿಯೇ ಸಾಕಾಗಿರುತ್ತದೆ, ನಾನೆಲ್ಲಿ ರೇಡಿಯೋ ಹಾಕಿದ್ದೇನೆ ಮಾರಾಯರೇ!” ಎಂದು ನಕ್ಕರು.

ಉಳಿದದ್ದು ಒಂದೇ ದಾರಿ. ರೇಡಿಯೋದ ಮೈಮೇಲಿನ ಚೀಟಿಯಲ್ಲಿ ಸೀರಿಯಲ್ ನಂಬರ್ ಇರುತ್ತದೆ. ಅದನ್ನು ಕೊಟ್ಟರೆ ಕೋಡ್ ಹುಡುಕಬಹುದು. ಆದರೆ ಚೀಟಿ ಓದಬೇಕಾದರೆ ಡಬ್ಬ ಹೊರಗೆ ಬರಬೇಕು. ಮೆಕ್ಯಾನಿಕ್ ಸೈಕಲ್ ಕಡ್ಡಿ ಬಗ್ಗಿಸಿ, ಎರಡೂ ಅಂಚಿನ ತೂತುಗಳಿಗೆ ತೂರಿಸಿ ಎಳೆದ. ನಿಮಿಷ ಕೂಡ ಹಿಡಿಯಲಿಲ್ಲ. ಇಷ್ಟು ಸಲೀಸಾಗಿ ಹೇಗೆ ಬಂತು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಡಬ್ಬದ ನೆತ್ತಿಯ ಮೇಲೆ, ಧೂಳಿನ ಅಡಿಯಲ್ಲಿ, ಯಾವ ಪುಣ್ಯಾತ್ಮನೋ ದಪ್ಪ ಮಾರ್ಕರಿನಲ್ಲಿ ನಾಲ್ಕು ಅಂಕಿ ಗೀಚಿದ್ದ. ಹಾಕಿದೆ. ಹಾಡಿತು. ಅಂದರೆ ಕದ್ದೊಯ್ದವನಿಗೆ ಅದೇ ಕ್ಷಣ ಕೋಡ್ ಕೈಗೆ ಸಿಗುತ್ತಿತ್ತು. ಕದಿಯದೆ ಒಳಗೇ ಇಟ್ಟುಕೊಂಡಿದ್ದ ನನಗೆ ಇಡೀ ದಿನ ಬೇಕಾಯಿತು.

ಗಡಿಯಾರ ಈಗಲೂ ಐದೂಕಾಲು ಗಂಟೆ ಹಿಂದಿದೆ. ಅದನ್ನು ಸರಿಪಡಿಸುವ ಬಗೆ ಕೈಪಿಡಿಯಲ್ಲಿ ಇದೆಯಂತೆ.